ಕಡಲಿನ ಚಿತ್ರ, ದುಡಿಯುವ ಕೈ

ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಬೇಕೆಂದು ನಮ್ಮ ವಿದ್ಯಾರ್ಥಿಗಳು ಇಂದಿಗೂ ಬಾಯಿಪಾಠ ಮಾಡುತ್ತಾರೆ. ಆ ಪಟ್ಟಿಯಲ್ಲಿ ಸಮುದ್ರವಿದೆ, ಜಲಕ್ರೀಡೆಯೂ ಇದೆ. ನೀರಿನಲ್ಲಿ ಆಡುವವರಿಗೆ ದೊರೆತ ಸ್ಥಾನ ನೀರಿನಲ್ಲಿ ದುಡಿಯುವವರಿಗೆ ಮಾತ್ರ ದೊರೆಯಲಿಲ್ಲ. ಇದನ್ನು ಪಾಠ ಹೇಳುವಾಗಲೆಲ್ಲ ನನಗೆ ಒಂದು ತೈಲಚಿತ್ರದ ನೆನಪಾಗುತ್ತದೆ.

ಫ್ರಾನ್ಸಿನ ದೊರೆ ಹದಿನೈದನೆಯ ಲೂಯಿ ತನ್ನ ರಾಜ್ಯದ ಬಂದರುಗಳನ್ನು ಚಿತ್ರಿಸುವ ಕಾರ್ಯವನ್ನು 1753ರಲ್ಲಿ ಕ್ಲೋದ್ ಜೋಸೆಫ್ ವೆರ್ನೆ ಎಂಬ ಕಲಾವಿದನಿಗೆ ಒಪ್ಪಿಸಿದನು. ಆತ ಮುಗಿಸಿದ 15 ಚಿತ್ರಗಳಲ್ಲಿ ಬಾಂದೋಲ್ ಕೊಲ್ಲಿಯ ಮೀನುಗಾರಿಕೆಯೂ ಒಂದು. ಅಲ್ಲಿ ಬೆಸ್ತರು ಮೈಬಗ್ಗಿಸಿ ಬಲೆಯೆಳೆದು ಭಾರಿ ಮೀನುಗಳನ್ನು ಹಿಡಿಯುತ್ತಿದ್ದಾರೆ. ಸುತ್ತಲಿನ ದೋಣಿಗಳಲ್ಲಿ ಉಡುಗೆತೊಡುಗೆಗಳಿಂದ ಮೆರೆಯುವ ಸ್ತ್ರೀಪುರುಷರು ಅದನ್ನೊಂದು ವಿನೋದವೆಂಬಂತೆ ನೋಡುತ್ತಿದ್ದಾರೆ. ಒಬ್ಬರ ದುಡಿಮೆ ಮತ್ತೊಬ್ಬರಿಗೆ ನೋಟ! ಅರಸನಿಗಾಗಿ ಬರೆದ ಚಿತ್ರವಾದರೂ ಕಲಾವಿದನು ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ನಿಲ್ಲಿಸಿದ್ದಾನೆ. ನಾವು ಯಾವ ದೋಣಿಯಲ್ಲಿದ್ದೇವೆ ಎಂಬ ಪ್ರಶ್ನೆ ನೋಡುವವನಲ್ಲಿ ತಾನಾಗಿಯೇ ಏಳುತ್ತದೆ.

ನಮ್ಮ ಕರಾವಳಿಯಲ್ಲಿ ರಂಪಣಿ ಎಂಬ ಉದ್ದನೆಯ ಬಲೆಯಿತ್ತು. ದೋಣಿಯಿಂದ ಅದನ್ನು ಕಡಲಿಗೆ ಬಿಟ್ಟು, ಎರಡೂ ತುದಿಗಳನ್ನು ಹತ್ತಾರು ಜನ ದಡದಲ್ಲಿ ನಿಂತು ಎಳೆಯುತ್ತಿದ್ದರು. ಬಂದ ಬಂಗುಡೆ, ಬೂತಾಯಿಗಳಲ್ಲಿ ಎಳೆದವರಿಗೆಲ್ಲ ಪಾಲಿತ್ತು. 1970ರ ದಶಕದಲ್ಲಿ ಯಂತ್ರದೋಣಿಗಳ ಹೊಸ ಬಲೆಗಳು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಅಂತಹ ಕಸುಬು ಮರೆಯಾದಾಗ ಹಿಡಿದ ಮೀನಿನ ಲೆಕ್ಕ ಕಡತದಲ್ಲಿ ಉಳಿದೀತು. ಹಗ್ಗ ಹಿಡಿದ ಬೆನ್ನಿನ ಬಾಗು ಉಳಿಯುವುದು ಚಿತ್ರದಲ್ಲಿ, ಕಥೆಯಲ್ಲಿ, ಕವಿತೆಯಲ್ಲಿ.

ಚಿತ್ತಾಪುರದ ನಮಗೆ ಕಡಲು ದೂರ. ಇಲ್ಲಿಯ ಅನೇಕ ವಿದ್ಯಾರ್ಥಿಗಳು ಅದನ್ನು ಕಣ್ಣಾರೆ ಕಂಡವರಲ್ಲ. ಆದರೆ ಮುಂದೆ ಭೀಮೆಯನ್ನು ಸೇರುವ ಕಾಗಿಣಾ ನದಿ ನಮ್ಮ ಬಳಿಯಲ್ಲೇ ಇದೆ. ಅದರ ದಡದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ದಂಡಿಯನ್ನು ಬಹುಮಟ್ಟಿಗೆ ಅನುಸರಿಸಿದ ಕವಿರಾಜಮಾರ್ಗ ಹುಟ್ಟಿದ್ದು ಆ ಅರಸರ ಆಶ್ರಯದಲ್ಲಿ. ವರ್ಣನೆಯ ಶಾಸ್ತ್ರ ಕನ್ನಡಕ್ಕೆ ಬಂದುದು ಈ ನದಿಯ ದಡಕ್ಕೇ ಎಂದರೆ ತಪ್ಪಾಗದು. ಅದೇ ನದಿಯಲ್ಲಿ ಬಲೆ ಬೀಸುವವರು ಅಂದೂ ಇದ್ದಿರಬೇಕು.

ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯ ತನ್ನ ಕಸುಬಿನ ಹೆಸರನ್ನೇ ಅಂಕಿತವಾಗಿಸಿಕೊಂಡು ವಚನ ಹೇಳಿದನು. ಪಟ್ಟಿ ಬಿಟ್ಟವನನ್ನು ಸಾಹಿತ್ಯ ಬಿಡಲಿಲ್ಲ, ಆತನೇ ಮಾತನಾಡಿದನು.

ಹಳೆಯ ವರ್ಣನೆಗಳನ್ನು ತಿರಸ್ಕರಿಸಬೇಕೆಂದು ನಾನು ಹೇಳುತ್ತಿಲ್ಲ. ಅವುಗಳ ಚೆಲುವು ಚೆಲುವೇ. ಆದರೆ ಓದುವಾಗ ಇಲ್ಲಿ ಯಾರು ಕಾಣುತ್ತಿಲ್ಲ ಎಂದು ಕೇಳುವ ಅಭ್ಯಾಸವನ್ನು ಅಧ್ಯಾಪಕರು ಕಲಿಸಬೇಕು. ಆ ಕಣ್ಣು ತೆರೆದರೆ, ಶಹಾಬಾದದ ಕಲ್ಲುಹಾಸಿನ ಮೇಲೆ ನಡೆಯುವ ವಿದ್ಯಾರ್ಥಿಗೆ ಕಲ್ಲಿನ ನುಣುಪಿನೊಡನೆ ಅದನ್ನು ಗಣಿಯಿಂದ ಎಬ್ಬಿಸಿದ ಕೈಯೂ ಕಂಡೀತು. ಸಾಹಿತ್ಯ ಶಿಕ್ಷಣದಿಂದ ನಾವು ಬಯಸಬೇಕಾದ ಸಂಸ್ಕಾರ ಇದೇ ಅಲ್ಲವೆ?