ಮಡಿವಂತ ಮನೆಯ ಮಕ್ಕಳು ಮತ್ತು ಚಿತ್ರಕಲಾ ಕಾಲೇಜು

ಪಿಯುಸಿ ಮುಗಿಸಿದ ಹುಡುಗ ಚಿತ್ರಕಲಾ ಕಾಲೇಜು ಸೇರುತ್ತೇನೆ ಅಂದರೆ ಯಾದಗಿರಿ ತಾಲ್ಲೂಕಿನ ರಾಮಸಮುದ್ರದಂಥ ಊರಲ್ಲಿ ಎರಡು ಪ್ರಶ್ನೆ ಏಳುತ್ತವೆ. ಮೊದಲನೆಯದು ನೌಕರಿಯದು, ಅದು ಬೇರೆಯೇ ಲೇಖನ ಬೇಡುವ ವಿಷಯ. ಎರಡನೆಯದನ್ನು ಹಿರಿಯರು ದನಿ ತಗ್ಗಿಸಿ ಕೇಳುತ್ತಾರೆ: ‘ಅಲ್ಲಿ ಹೋಗಿ ಕೆಟ್ಟು ಬರ್ತಾನೇನ್ರೀ?’ ದಿನಾ ಲಿಂಗಪೂಜೆ ಮಾಡುವ, ಮೊಟ್ಟೆಯನ್ನೂ ಮುಟ್ಟದ ಹುಡುಗ. ನಮಾಜು ತಪ್ಪಿಸದ, ತಲೆಗೆ ಸ್ಕಾರ್ಫ್ ಕಟ್ಟುವ ಹುಡುಗಿ. ಇವರು ಅಲ್ಲಿ ಹೊಂದಿಕೊಳ್ಳುತ್ತಾರೆಯೇ?

ಅಲ್ಲಿ ನಡೆಯುವುದೇನೆಂದು ಮೊದಲು ನೋಡೋಣ. ಅಲ್ಲಿ ಕಲಿಸುವ ಬಿವಿಎ (ದೃಶ್ಯಕಲಾ ಪದವಿ) ನಾಲ್ಕು ವರ್ಷದ್ದು. ಮೊದಲ ವರ್ಷ ಬಹುಪಾಲು ಪೆನ್ಸಿಲಿನಲ್ಲೇ ಕಳೆಯುತ್ತದೆ. ಮೇಜಿನ ಮೇಲೆ ಮಣ್ಣಿನ ಕೊಡ, ಹಿತ್ತಾಳೆ ಚೊಂಬು, ಹಿಂದೆ ಮಡಿಕೆ ಬಿದ್ದ ಬಟ್ಟೆ. ಆ ಮಡಿಕೆಯೊಳಗಿನ ನೆರಳು ಕಾಗದದ ಮೇಲೆ ಕೂರುವವರೆಗೆ ಅಳಿಸುವುದು, ಮತ್ತೆ ಬರೆಯುವುದು. ಆಸ್ತಿಕನೋ ನಾಸ್ತಿಕನೋ ಎಂದು ಆ ಬಟ್ಟೆ ಕೇಳುವುದಿಲ್ಲ. ಬೆಳಗ್ಗೆ ಬೇಗ ಏಳುವ, ಒಂದೇ ಕೆಲಸದ ಮುಂದೆ ಗಂಟೆಗಟ್ಟಲೆ ಕೂರುವ ರೂಢಿ ಇದ್ದವರಿಗೆ ಈ ವರ್ಷ ಹಗುರ.

ಮಡಿವಂತರು ಕಲಾಶಾಲೆಗೆ ಹೋದದ್ದು ಹೊಸದೇನಲ್ಲ. ಮೈಸೂರಿನ ಆಸ್ಥಾನ ಚಿತ್ರಕಾರರ ಮನೆತನದ ಕೆ. ವೆಂಕಟಪ್ಪ 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಹೋದರು. ಮದುವೆಯಾಗದ, ಕಟ್ಟುನಿಟ್ಟಿನ ಮನುಷ್ಯ. ಅಬನೀಂದ್ರನಾಥ ಠಾಕೂರರ ಒಳ್ಳೆಯ ಶಿಷ್ಯರಲ್ಲಿ ಒಬ್ಬರಾದರು. ನಿಷ್ಠೆ ಸಡಿಲಿಸದೆಯೇ ಕಲಿತರು.

ಹಾಗೆಂದು ಇರುಸುಮುರುಸೇ ಇಲ್ಲ ಎನ್ನಲಾಗದು. ಮೊದಲನೆಯದು ಮಾಡೆಲ್ ಎದುರು ಕೂತು ಬರೆಯುವ ಲೈಫ್ ಕ್ಲಾಸ್. ಬೆತ್ತಲೆ ಮೈಯ ಅಧ್ಯಯನ ದೊಡ್ಡ ನಗರಗಳ ಕೆಲವು ಕಾಲೇಜುಗಳಲ್ಲಿ ಉಂಟು. ನಮ್ಮ ಕಡೆ ಸಾಮಾನ್ಯವಾಗಿ ಪಟಗಾ ಸುತ್ತಿದ ಮುದುಕರೋ ಸೀರೆ ಉಟ್ಟ ಅಜ್ಜಿಯೋ ಬಂದು ಕೂರುತ್ತಾರೆ. ಆದರೂ ಮೈಕಟ್ಟು ಕಲಿಯದೆ ಗತಿಯಿಲ್ಲ. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರನ್ನೇ ನೋಡಿ. ಅವರ ಕ್ಯಾಲೆಂಡರ್ ಚಿತ್ರಗಳ ದೇವರುಗಳಿಗೆ ಊರೂರಿನ ಮನೆಗಳಲ್ಲಿ ಊದಿನಕಡ್ಡಿ ಬೆಳಗಿದ್ದಾರೆ. ಆ ಶಿವನ ಭುಜ, ರಾಮನ ತೋಳಿನ ನರ, ಮುಖದ ಮೇಲೆ ಬಿದ್ದ ಬೆಳಕು ಬಂದದ್ದು ಮುಂಬೈಯ ಜೆ.ಜೆ. ಕಲಾಶಾಲೆಯ ಪಾಠದಿಂದ. ಲೈಫ್ ಕ್ಲಾಸಿಗೆ ಹೆದರುವ ಮನೆಯ ಜಗುಲಿಯ ಮೇಲಿನ ದೇವರಿಗೂ ಆ ಕ್ಲಾಸಿನ ಋಣವಿದೆ.

ಎರಡನೆಯದು ಹೆಚ್ಚು ಕಷ್ಟದ್ದು. ವರ್ಷದ ಕೊನೆಗೆ ಚಿತ್ರಗಳನ್ನು ಗೋಡೆಗೆ ಹಾಕಿ, ಪರೀಕ್ಷಕರ ಎದುರು ನಿಲ್ಲಬೇಕು. ಮೈಲಾಪುರದ ಮಲ್ಲಯ್ಯನನ್ನು ಬರೆದವನಿಗೆ ‘ಇದನ್ನೇ ಯಾಕೆ ಬರೆದೆ? ಭಂಡಾರದ ಅರಿಸಿನ ಇಷ್ಟು ಪೇಲವ ಯಾಕಾಯಿತು?’ ಎಂದು ಕೇಳುತ್ತಾರೆ. ‘ದೇವರು, ಅದಕ್ಕೇ ಬರೆದೆ’ ಎಂಬ ಉತ್ತರ ಅಲ್ಲಿ ಸಾಲದು. ಭಕ್ತಿಗೆ ಅಂಕವಿಲ್ಲ, ಬಣ್ಣಕ್ಕಿದೆ. ಇದನ್ನು ಅವಮಾನವೆಂದು ತಿಳಿಯುವ ಹುಡುಗ ನಿಜಕ್ಕೂ ಒದ್ದಾಡುತ್ತಾನೆ. ಆದರೆ ದೇವರ ಚಿತ್ರ ಕಂಡ ಕೂಡಲೇ ‘ಕ್ಯಾಲೆಂಡರ್’ ಎಂದು ನಗುವ ಮಾಸ್ತರರದ್ದೂ ಒಂದು ಬಗೆಯ ಮಡಿಯೇ. ನಮ್ಮ ಪಕ್ಕದ ಸುರಪುರದಲ್ಲಿ ಗರುಡಾದ್ರಿ ಮನೆತನದವರು ಬಂಗಾರ ಹಚ್ಚಿ ಬರೆದ ದೇವರ ಚಿತ್ರಗಳು ಇಂದು ಸಂಶೋಧನೆಯ ವಸ್ತು; ಅವನ್ನು ಮೆಚ್ಚಿ, ಇವತ್ತಿನ ಹುಡುಗನ ದೇವರನ್ನು ಹೀಗಳೆಯುವುದು ಯಾವ ನ್ಯಾಯ?

ಪ್ರಶ್ನೆ ಕೇಳುವ ಈ ಹಕ್ಕು ಎರಡೂ ಕಡೆಗೆ ಸಲ್ಲಬೇಕು. 2007ರ ಮೇ ತಿಂಗಳಲ್ಲಿ ಬರೋಡಾ ವಿಶ್ವವಿದ್ಯಾಲಯದ ಕಲಾ ವಿಭಾಗದಲ್ಲಿ ಚಂದ್ರಮೋಹನ್ ಎಂಬ ವಿದ್ಯಾರ್ಥಿಯ ಪರೀಕ್ಷಾ ಚಿತ್ರಗಳು ಧರ್ಮಕ್ಕೆ ಅವಮಾನವೆಂದು ಹೊರಗಿನವರು ನುಗ್ಗಿದರು. ಹುಡುಗನ ಬಂಧನವಾಯಿತು, ಡೀನ್ ಶಿವಾಜಿ ಪಣಿಕ್ಕರ್ ಅಮಾನತಾದರು. ಆ ಚಿತ್ರ ಕಂಡು ನೊಂದ ಸಹಪಾಠಿ ಅಲ್ಲೇ ನಿಂತು ಅವನೊಡನೆ ಜಗಳವಾಡಬಹುದಿತ್ತು. ಪೊಲೀಸರು ಬಂದ ಮೇಲೆ ಅದಕ್ಕೂ ಎಡೆ ಉಳಿಯಲಿಲ್ಲ.

ಜೀವಿಗಳ ಚಿತ್ರ ಬರೆಯಬಾರದೆಂದು ನಂಬುವ ಮನೆಯ ಹುಡುಗಿಯ ಲೆಕ್ಕ ಬೇರೆ. ಬೀದರ್ ಬಳಿಯ ಅಷ್ಟೂರಿನಲ್ಲಿ ಅಹ್ಮದ್ ಶಾ ಬಹಮನಿಯ ಗೋರಿಯ ಒಳಗೋಡೆ ತುಂಬ ಬಳ್ಳಿ, ಬಣ್ಣ, ಅಕ್ಷರ. ಅವಳಿಗೆ ಅದೇ ಪಠ್ಯಪುಸ್ತಕ. ಅಪ್ಲೈಡ್ ಆರ್ಟ್ ವಿಭಾಗದಲ್ಲಿ ಅಕ್ಷರವಿನ್ಯಾಸಕ್ಕೆ ಜಾಗವಿದೆ. ಆದರೆ ಭಾವಚಿತ್ರ ಕಡ್ಡಾಯವಾದ ಪತ್ರಿಕೆಗಳೂ ಇರಬಹುದು. ಫೀಸು ಕಟ್ಟುವ ಮೊದಲೇ ಪಠ್ಯಕ್ರಮ ಕೇಳಿ ಪಡೆಯಿರಿ.

ಊರಲ್ಲೇ ಕೂತು ಹೆದರುವುದಕ್ಕಿಂತ ಕಣ್ಣಾರೆ ನೋಡುವುದು ಮೇಲು. ಯಾದಗಿರಿಯಿಂದ ಕಲಬುರಗಿಗೆ ವಾಡಿ ಮಾರ್ಗವಾಗಿ ರೈಲಿದೆ. ಈ ಭಾಗದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ ಮಾಡಿಸುವ ಓಡಾಟದಲ್ಲೇ ಒಂದು ದಿನ ಬಿಡುವು ಮಾಡಿಕೊಂಡು, ಅಪ್ಪ-ಅವ್ವ ಇಬ್ಬರೂ ಮಗನೊಟ್ಟಿಗೋ ಮಗಳೊಟ್ಟಿಗೋ ಅಲ್ಲಿನ ಚಿತ್ರಕಲಾ ಕಾಲೇಜಿನ ವಾರ್ಷಿಕ ಪ್ರದರ್ಶನ ನೋಡಿ ಬರಲಿ. ಮೂರನೆಯ ವರ್ಷದ ಹುಡುಗರು ಏನು ಬರೆಯುತ್ತಾರೆ, ಹಾಸ್ಟೆಲಿನಲ್ಲಿ ಏನು ಉಣ್ಣುತ್ತಾರೆ ಎಂದು ಅವರನ್ನೇ ಕೇಳಲಿ.