ಹಳೆಯ ಆಟಗಾರರ ಚಿತ್ರಗಳು ಯಾರ ಕೈಯಲ್ಲಿರಬೇಕು?

ಅಮೆರಿಕದ ಬೇಸ್‌ಬಾಲ್ ಇತಿಹಾಸದ ಅತ್ಯಂತ ಪ್ರಸಿದ್ಧ ಚಿತ್ರಗಳಲ್ಲೊಂದನ್ನು ತೆಗೆದ ಚಾರ್ಲ್ಸ್ ಕಾನ್ಲನ್ ಅವರ ಕಸುಬು ಛಾಯಾಗ್ರಹಣವಾಗಿರಲಿಲ್ಲ. ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ ಅವರು ಬಿಡುವಿನ ಹೊತ್ತಿನಲ್ಲಿ ಕ್ಯಾಮೆರಾ ಹೊತ್ತು ಮೈದಾನಕ್ಕೆ ಹೋಗುತ್ತಿದ್ದರು. ಹಾಗೆ 1904ರಿಂದ 1942ರವರೆಗೆ ಆಟಗಾರರನ್ನು ಗಾಜಿನ ಪ್ಲೇಟುಗಳಲ್ಲಿ ಹಿಡಿದಿಟ್ಟರು. ಆಗ ಛಾಯಾಗ್ರಾಹಕರಿಗೆ ಆಟ ನಡೆಯುವಾಗಲೂ ಮೈದಾನದೊಳಗೆ ನಿಲ್ಲುವ ಅವಕಾಶವಿತ್ತು. ಮ್ಯಾನ್‌ಹ್ಯಾಟನ್‌ನ ಹಿಲ್‌ಟಾಪ್ ಪಾರ್ಕಿನಲ್ಲಿ ಒಂದು ದಿನ ಕಾನ್ಲನ್ ಮೂರನೇ ಬೇಸಿನ ಹತ್ತಿರ ನಿಂತಿದ್ದಾಗ ಡೆಟ್ರಾಯಿಟ್ ತಂಡದ ಟೈ ಕಾಬ್ ಮಣ್ಣೆಬ್ಬಿಸುತ್ತ ಆ ಬೇಸಿಗೆ ಜಾರಿ ಬಂದರು. ಅಲ್ಲಿ ಚೆಂಡಿಗಾಗಿ ಕಾದಿದ್ದ ಜಿಮ್ಮಿ ಆಸ್ಟಿನ್ ನೆಲೆ ತಪ್ಪಿದರು. ಆ ಕ್ಷಣದ ಆವೇಶವೆಲ್ಲ ಪ್ಲೇಟಿನಲ್ಲಿ ಉಳಿಯಿತು. 1909ರದೆಂದೇ ಬಹುಕಾಲ ಅಚ್ಚಾಗುತ್ತಿದ್ದ ಈ ಚಿತ್ರ 1910ರದ್ದೆಂದು ಗೊತ್ತಾದದ್ದು, ಆಸಕ್ತರು ಅದನ್ನು ಹಳೆಯ ಪಂದ್ಯಗಳ ದಾಖಲೆಗಳ ಜೊತೆ ಇಟ್ಟು ನೋಡಿದ ಮೇಲೆ.

ಕಾನ್ಲನ್ ತಮ್ಮ ಪ್ಲೇಟುಗಳಲ್ಲಿ ಎಷ್ಟೋ ಪಾಲನ್ನು ತಾವೇ ವಿಲೇವಾರಿ ಮಾಡಿದ್ದರು. ಭಾರವಾದ, ಒಡೆಯುವ, ಜಾಗ ಕಬಳಿಸುವ ಗಾಜನ್ನು ಯಾರಿಗಾಗಿ ಇಟ್ಟುಕೊಳ್ಳಬೇಕಿತ್ತು? ಉಳಿದ ಏಳು ಸಾವಿರಕ್ಕೂ ಹೆಚ್ಚು ನೆಗೆಟಿವ್‌ಗಳು 2016ರಲ್ಲಿ ಹರಾಜಾದಾಗ ಬಂದ ಬೆಲೆ 17 ಲಕ್ಷ ಡಾಲರ್‌ಗೂ ಮಿಗಿಲು. ಕಸಕ್ಕೂ ಖಜಾನೆಗೂ ನಡುವಿನ ಈ ನೂರು ವರ್ಷಗಳಲ್ಲಿ ಹಳೆಯ ಆಟಗಾರರ ಚಿತ್ರಗಳನ್ನು ಕಾಪಾಡಿದವರು ಯಾರು, ಕೆಡಿಸಿದವರು ಯಾರು ಎಂಬ ವಾದ ಇನ್ನೂ ಮುಗಿದಿಲ್ಲ. ಅವು ಸಂಗ್ರಾಹಕರ ಕೈಯಲ್ಲಿದ್ದರೇ ಒಳ್ಳೆಯದೆಂದು ಒಂದು ಕಡೆಯವರು ಹೇಳುತ್ತಾರೆ. ಅವು ಸಾರ್ವಜನಿಕ ಸ್ವತ್ತು, ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯಗಳಿಗೇ ಸೇರಬೇಕೆಂದು ಇನ್ನೊಂದು ಕಡೆಯವರು ಹೇಳುತ್ತಾರೆ. ಎರಡೂ ಕಡೆ ನಿಜವಿದೆ. ಆ ಮುಖಗಳ ಮೇಲೆ ಪ್ರೀತಿಯಿರುವ ಯಾರೂ ಒಂದನ್ನು ಮಾತ್ರ ಕೇಳಿಸಿಕೊಂಡು ಸುಮ್ಮನಾಗಲಾರರು.

ಮೊದಲು ಸಂಗ್ರಾಹಕರ ಮಾತು. ಇಪ್ಪತ್ತನೇ ಶತಮಾನದ ಬಹುಪಾಲು ಪತ್ರಿಕಾ ಕಚೇರಿಗಳಿಗೆ ಛಾಯಾಚಿತ್ರವೆಂದರೆ ಕಚ್ಚಾ ಸಾಮಗ್ರಿ. ಬೇಡದ ಹಿನ್ನೆಲೆಗೆ ಬಿಳಿ ಬಣ್ಣ ಬಳಿದು, ಅಂಚಿನಲ್ಲಿ ಪೆನ್ಸಿಲ್ ಗೆರೆ ಎಳೆದು, ಬೆನ್ನಿಗೆ ಶೀರ್ಷಿಕೆಯ ಚೀಟಿ ಅಂಟಿಸಿ ಅಚ್ಚಿಗೆ ಕಳಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಅದು ಕಪಾಟು ಸೇರುತ್ತಿತ್ತು. ಕಚೇರಿ ಸ್ಥಳಾಂತರವಾದಾಗ, ಪತ್ರಿಕೆ ಮುಚ್ಚಿದಾಗ ಇಡೀ ಕಪಾಟೇ ಭಾರವಾಗುತ್ತಿತ್ತು. ಆ ಹೊತ್ತಿಗೆ ಗ್ರಂಥಾಲಯಗಳು ಬಾಗಿಲಲ್ಲಿ ಕಾದು ನಿಂತಿರಲಿಲ್ಲ. ಹಳೆಯ ವಸ್ತುಗಳ ಸಂತೆಯಲ್ಲಿ ಪುಡಿಗಾಸಿಗೆ ಕೊಂಡು, ಬಿಸಿಲು ತೇವ ತಾಗದಂತೆ ಇಟ್ಟವರು ಹವ್ಯಾಸಿಗಳು.

ಬೆಲೆಗೂ ಒಂದು ಶಕ್ತಿಯಿದೆ. 1911ರ ವಸಂತದ ತರಬೇತಿ ಶಿಬಿರದಲ್ಲಿ ಕ್ಲೀವ್‌ಲ್ಯಾಂಡಿನ ಪತ್ರಿಕಾ ಛಾಯಾಗ್ರಾಹಕ ಫ್ರಾಂಕ್ ಸ್ಮಿತ್ ಆಟಗಾರ ಜೋ ಜಾಕ್ಸನ್ ಅವರ ಚಿತ್ರ ತೆಗೆದರು. ಓದುಬರಹ ಬಾರದ ಜಾಕ್ಸನ್ ಸಹಿ ಹಾಕಿದ್ದೇ ಅಪರೂಪ, ಈ ಚಿತ್ರದ ಮೇಲೆ ಅದಿದೆ. 2021ರಲ್ಲಿ ಅದು ಸುಮಾರು 14.7 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಇಂಥ ಸುದ್ದಿ ಹಬ್ಬಿದಾಗ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಎಸೆಯಹೊರಟವರು ಒಮ್ಮೆ ಮುಚ್ಚಳ ತೆರೆದು ನೋಡುತ್ತಾರೆ. ಹಣದಾಸೆಯಿಂದಲೇ ಆಗಲಿ, ಚಿತ್ರ ಬೆಂಕಿಗೆ ಬೀಳುವುದು ತಪ್ಪಿತಲ್ಲ ಎಂಬುದು ಸಂಗ್ರಾಹಕರ ವಾದ.

ಚಿತ್ರವನ್ನು ಬರೀ ಬಿಂಬವೆಂದು ನೋಡದೆ ಕಾಗದವೆಂದೂ ನೋಡುವ ಕಣ್ಣು ಬೆಳೆದದ್ದು ಈ ವಲಯದಲ್ಲೇ. ಬೆನ್ನಿನ ಮುದ್ರೆ ಯಾವ ಸ್ಟುಡಿಯೋದ್ದು, ಆ ವಿಳಾಸ ಯಾವ ವರ್ಷಗಳಲ್ಲಿ ಬಳಕೆಯಲ್ಲಿತ್ತು ಎಂದು ಅವರು ಪಟ್ಟಿ ಮಾಡಿದರು. 1950ರ ದಶಕದಿಂದೀಚೆಗೆ ಛಾಯಾಚಿತ್ರದ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಸೇರಿಸುವುದು ರೂಢಿಯಾಯಿತು. ನೇರಳಾತೀತ ದೀಪದಡಿ ಆ ಕಾಗದ ನೀಲಿಯಾಗಿ ಹೊಳೆಯುತ್ತದೆ. 1915ರದೆಂದು ಮಾರುವ ಚಿತ್ರ ಹಾಗೆ ಹೊಳೆದರೆ ಅದು ಆ ಕಾಲದ ಮುದ್ರಣವಲ್ಲ. ಬಾಸ್ಟನ್ನಿನ ಕಾರ್ಲ್ ಹಾರ್ನರ್ ತೆಗೆದ ಭಾವಚಿತ್ರವೇ ಹೋನಸ್ ವ್ಯಾಗ್ನರ್ ಅವರ ಜಗತ್ಪ್ರಸಿದ್ಧ ಸಿಗರೇಟ್ ಕಾರ್ಡಿನ ಮೂಲ ಎಂಬಂಥ ಎಳೆಗಳನ್ನು ಬಿಡಿಸಿದವರಲ್ಲೂ ಇವರ ಪಾಲು ದೊಡ್ಡದು.

ಇನ್ನೊಂದು ಕಡೆಯವರ ಮಾತು ಇಷ್ಟೇ ತೂಕದ್ದು. ಮಾರುಕಟ್ಟೆ ಕಾಪಾಡುತ್ತದೆ, ಆದರೆ ಚೂರು ಮಾಡಿ ಕಾಪಾಡುತ್ತದೆ. ಒಂದು ಪತ್ರಿಕೆಯ ಭಂಡಾರದಲ್ಲಿ ಬೇಬ್ ರೂಥ್ ಅವರ ಚಿತ್ರದ ಪಕ್ಕದಲ್ಲೇ ಅದೇ ಮಧ್ಯಾಹ್ನ ಅದೇ ಕ್ಯಾಮೆರಾದಲ್ಲಿ ತೆಗೆದ, ಹೆಸರು ಮರೆತುಹೋದ ಆಟಗಾರನ ಚಿತ್ರವಿರುತ್ತದೆ. ಒಂದು ಇನ್ನೊಂದಕ್ಕೆ ಸಾಕ್ಷಿ. ಹರಾಜಿನಲ್ಲಿ ರೂಥ್ ಒಬ್ಬರ ಪಾಲಾಗುತ್ತಾರೆ, ಹೆಸರಿಲ್ಲದವನು ಹತ್ತು ಡಾಲರಿನ ಗುಡ್ಡೆಗೆ ಬೀಳುತ್ತಾನೆ. ಆ ಮಧ್ಯಾಹ್ನವನ್ನು ಮತ್ತೆ ಜೋಡಿಸುವುದು ಆಮೇಲೆ ಯಾರಿಂದಲೂ ಆಗುವುದಿಲ್ಲ.

ಬೆಲೆ ಏರಿದಲ್ಲಿ ಕಳ್ಳತನವೂ ಬರುತ್ತದೆ. ಆಟದ ಸಾಮಗ್ರಿ ತಯಾರಿಸಿ ಶ್ರೀಮಂತರಾದ ಎ. ಜಿ. ಸ್ಪಾಲ್ಡಿಂಗ್ ಅವರ ಸಂಗ್ರಹವನ್ನು ಅವರ ಪತ್ನಿ 1921ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯಕ್ಕೆ ಕೊಟ್ಟರು. ಹತ್ತೊಂಬತ್ತನೇ ಶತಮಾನದ ಆಟಗಾರರ ಚಿತ್ರಗಳೂ ಪತ್ರಗಳೂ ಅದರಲ್ಲಿದ್ದವು. 1970ರ ದಶಕದಲ್ಲಿ ಅದರಿಂದ ಎಷ್ಟೋ ವಸ್ತುಗಳು ಕಳುವಾದವು, ಮುಂದೆ ಕೆಲವು ಮಾರಾಟದ ಪಟ್ಟಿಗಳಲ್ಲಿ ಕಾಣಿಸಿಕೊಂಡವು. ಕದ್ದ ಮಾಲಿಗೆ ಕೊಳ್ಳುವವರಿಲ್ಲದಿದ್ದರೆ ಕದಿಯುವವರಿರುತ್ತಿದ್ದರೇ ಎಂದು ಗ್ರಂಥಪಾಲಕರು ಕೇಳಿದರೆ ಉತ್ತರಿಸುವುದು ಕಷ್ಟ.

ಇತ್ತೀಚಿನ ಪ್ರಕರಣ ಇನ್ನೂ ದೊಡ್ಡದು. ಅರ್ಕಾನ್ಸಾ ರಾಜ್ಯದ ಒಬ್ಬ ವ್ಯಾಪಾರಿ ಪತ್ರಿಕಾ ಸಂಸ್ಥೆಗಳ ಮುಂದೆ ಆಕರ್ಷಕ ಪ್ರಸ್ತಾಪವಿಟ್ಟರು: ನಿಮ್ಮ ಹಳೆಯ ಚಿತ್ರಗಳನ್ನು ಕೊಡಿ, ಸ್ಕ್ಯಾನ್ ಮಾಡಿ ಡಿಜಿಟಲ್ ಪ್ರತಿ ಕೊಡುತ್ತೇನೆ, ಕಾಗದ ನನಗಿರಲಿ. ಅಮೆರಿಕದ ಪತ್ರಿಕೆಗಳಷ್ಟೇ ಅಲ್ಲ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಪತ್ರಿಕಾ ಸಮೂಹವೂ ಲಕ್ಷಾಂತರ ಚಿತ್ರಗಳನ್ನು ಹಡಗಿಗೆ ಹಾಕಿತು. 2014ರಲ್ಲಿ ತನಿಖಾಧಿಕಾರಿಗಳು ಆ ವ್ಯಾಪಾರಿಯ ಕಚೇರಿ ಶೋಧಿಸಿದರು. ವಂಚನೆಯನ್ನು ಅವರೇ ಒಪ್ಪಿಕೊಂಡರು. 2017ರಲ್ಲಿ 12 ವರ್ಷಗಳ ಶಿಕ್ಷೆಯಾಯಿತು. ಕಾನ್ಲನ್ ಅವರ ನೆಗೆಟಿವ್‌ಗಳೂ ಒಂದು ಕಾಲಕ್ಕೆ ಇದೇ ಕೈ ಸೇರಿದ್ದವು.

ಹಾಗೆಂದು ತಕ್ಕಡಿಯನ್ನು ಗ್ರಂಥಾಲಯದ ಕಡೆಗೇ ಬಾಗಿಸಿದರೆ ಅದೂ ನ್ಯಾಯವಲ್ಲ. ಸ್ಪಾಲ್ಡಿಂಗ್ ಸಂಗ್ರಹ ಕಳುವಾದದ್ದು ಗ್ರಂಥಾಲಯದ ಒಳಗಿನಿಂದಲೇ. ಕೂಪರ್ಸ್‌ಟೌನಿನ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಚಿತ್ರಗಳಿವೆ. ಅಷ್ಟನ್ನೂ ಸ್ಕ್ಯಾನ್ ಮಾಡಿ ಹೆಸರು ಬರೆದಿಡಲು ಬೇಕಾದ ಹಣವೂ ಜನವೂ ಯಾವ ಸಂಸ್ಥೆಗೂ ಸುಲಭವಾಗಿ ಸಿಗುವುದಿಲ್ಲ. ಕತ್ತಲ ಕೋಣೆಯಲ್ಲಿ ತಣ್ಣಗೆ ಭದ್ರವಾಗಿರುವ ಚಿತ್ರ ಯಾರ ಕಣ್ಣಿಗೂ ಬೀಳದಿದ್ದರೆ, ಅದು ಸಾರ್ವಜನಿಕವಾಗಿರುವುದು ಕಾಗದದ ಮೇಲೆ ಮಾತ್ರ.

ಈ ವಾದಕ್ಕೆ ನಿಜವಾದ ಆಳ ಬರುವುದು ಕಪ್ಪು ಆಟಗಾರರ ಚಿತ್ರಗಳ ವಿಷಯದಲ್ಲಿ. 1947ರಲ್ಲಿ ಜಾಕಿ ರಾಬಿನ್ಸನ್ ಬರುವವರೆಗೆ ಮೇಜರ್ ಲೀಗ್ ದಶಕಗಳ ಕಾಲ ಅವರಿಗೆ ಬಾಗಿಲು ಮುಚ್ಚಿತ್ತು. ಅವರ ನೀಗ್ರೋ ಲೀಗ್‌ಗಳತ್ತ ಬಿಳಿಯರ ದೊಡ್ಡ ಪತ್ರಿಕೆಗಳು ಕ್ಯಾಮೆರಾ ತಿರುಗಿಸಿದ್ದು ಕಡಿಮೆ. ಪಿಟ್ಸ್‌ಬರ್ಗ್ ಕುರಿಯರ್ ಪತ್ರಿಕೆಯ ಚಾರ್ಲ್ಸ್ ಟೀನಿ ಹ್ಯಾರಿಸ್ ಆ ಕೊರತೆ ತುಂಬಿದವರಲ್ಲಿ ಪ್ರಮುಖರು. ತಮ್ಮ ಊರಿನ ಕಪ್ಪು ಸಮುದಾಯದ ಮದುವೆ, ಮೆರವಣಿಗೆ, ಸಾವುಗಳ ಜೊತೆಗೆ ಜೋಶ್ ಗಿಬ್ಸನ್ ಅವರಂಥ ಆಟಗಾರರನ್ನೂ ಸೆರೆಹಿಡಿದರು. 1986ರಲ್ಲಿ ಅವರು ಸಣ್ಣ ಮೊತ್ತಕ್ಕೆ, ಮುಂದಿನ ಆದಾಯದಲ್ಲಿ ಪಾಲು ಸಿಗುವ ಭರವಸೆಯ ಮೇಲೆ, ನೆಗೆಟಿವ್‌ಗಳನ್ನು ಸ್ಥಳೀಯ ವ್ಯಾಪಾರಿಯೊಬ್ಬರಿಗೆ ಒಪ್ಪಿಸಿದರು. 1998ರಲ್ಲಿ ಅವನ್ನು ಮರಳಿ ಪಡೆಯಲು ಮೊಕದ್ದಮೆ ಹೂಡಿ ಅದೇ ವರ್ಷ ತೀರಿಕೊಂಡರು. ಮೊಕದ್ದಮೆ ಗೆದ್ದದ್ದು ಅವರ ಕುಟುಂಬ. 2001ರಲ್ಲಿ ಪಿಟ್ಸ್‌ಬರ್ಗಿನ ಕಾರ್ನೆಗಿ ಕಲಾ ಸಂಗ್ರಹಾಲಯ ಎಪ್ಪತ್ತು ಸಾವಿರಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಕೊಂಡಿತು. ಊರಿನ ಹಿರಿಯರನ್ನು ಕರೆದು ಚಿತ್ರ ತೋರಿಸಿ, ಇವರು ಯಾರು, ಈ ಬೀದಿ ಯಾವುದು ಎಂದು ಕೇಳಿ ಬರೆದುಕೊಂಡಿತು.

ಅಲ್ಲಿ ಸಾರ್ವಜನಿಕ ಸಂಸ್ಥೆ ಮಾಡಿದ್ದು ಮಾರುಕಟ್ಟೆಗೆ ಆಗದ ಕೆಲಸ. ಆದರೆ ಹ್ಯಾರಿಸ್ ಅವರಂಥ ಒಬ್ಬರಿಲ್ಲದ ಎಷ್ಟೋ ಊರುಗಳಿದ್ದವು. ಅಲ್ಲಿನ ತಂಡಗಳ ಮುಖ ಉಳಿದಿರುವುದು ಮನೆಯ ಆಲ್ಬಮ್ಮುಗಳಲ್ಲಿ, ಪೋಸ್ಟ್‌ಕಾರ್ಡುಗಳಲ್ಲಿ, ಅವನ್ನು ಹುಡುಕಿ ಹೊರಟ ಸಂಗ್ರಾಹಕರ ಕಪಾಟುಗಳಲ್ಲಿ. 2020ರ ಡಿಸೆಂಬರಿನಲ್ಲಿ ಮೇಜರ್ ಲೀಗ್ ಸಂಸ್ಥೆ 1920ರಿಂದ 1948ರವರೆಗಿನ ನೀಗ್ರೋ ಲೀಗ್‌ಗಳಿಗೆ ಸಮಾನ ಸ್ಥಾನ ಕೊಟ್ಟಿತು. 2024ರಲ್ಲಿ ಅಂಕಿಅಂಶಗಳೂ ಸೇರಿ, ವೃತ್ತಿಜೀವನದ ಬ್ಯಾಟಿಂಗ್ ಸರಾಸರಿಯಲ್ಲಿ ಗಿಬ್ಸನ್ .372ರೊಂದಿಗೆ ಮೊದಲಿಗರಾದರು. ಆ ಪಟ್ಟಿಯಲ್ಲಿ ಹೆಸರು ಬಂದವರೆಲ್ಲರಿಗೂ ಒಂದೊಂದು ಮುಖ ದೊರಕಿಸುವ ಕೆಲಸ ಸಂಗ್ರಾಹಕರನ್ನು ದೂರವಿಟ್ಟರೆ ಮುಗಿಯುವಂಥದ್ದಲ್ಲ.

ಸಂಗ್ರಹದಷ್ಟೇ ಮುಖ್ಯವಾದದ್ದು ಅದರ ಸುತ್ತ ನಡೆಯುವ ಚರ್ಚೆ. 1971ರಲ್ಲಿ ಹುಟ್ಟಿದ ಅಮೆರಿಕನ್ ಬೇಸ್‌ಬಾಲ್ ಸಂಶೋಧನಾ ಸಂಘದಲ್ಲಿ ಹಳೆಯ ಚಿತ್ರಗಳಿಗೆಂದೇ ಒಂದು ಸಮಿತಿಯಿದೆ. ವಯಸ್ಸಿನೊಂದಿಗೆ ಕೆನ್ನೆ ತುಂಬುತ್ತದೆ, ಕೂದಲು ಉದುರುತ್ತದೆ, ಕಿವಿಯ ಆಕಾರ ಮಾತ್ರ ಹೆಚ್ಚು ಬದಲಾಗುವುದಿಲ್ಲ. ಆದ್ದರಿಂದ ಅವರು ಮೊದಲು ನೋಡುವುದು ಕಿವಿ. ಆಮೇಲೆ ಸಮವಸ್ತ್ರ. ತೋಳಿನ ಮೇಲೆ ಆಟದ ಶತಮಾನೋತ್ಸವದ ಪಟ್ಟಿಯಿದ್ದರೆ ಅದು 1939. ಯಾಂಕೀಸ್ ಆಟಗಾರನ ಬೆನ್ನ ಮೇಲೆ ಸಂಖ್ಯೆಯಿದ್ದರೆ ಅದು 1929ಕ್ಕಿಂತ ಹಿಂದಿನದಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1948ರಲ್ಲೇ ಕೊಂಡಿದ್ದ ಬೇನ್ ಸುದ್ದಿಸಂಸ್ಥೆಯ ಗಾಜಿನ ನೆಗೆಟಿವ್‌ಗಳಿಂದ ಆಯ್ದ ಚಿತ್ರಗಳನ್ನು 2008ರಲ್ಲಿ ಫ್ಲಿಕರ್‌ನಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಹವ್ಯಾಸಿಗಳು ಮೈದಾನದ ಗೋಡೆಯ ಜಾಹೀರಾತು, ನೆರಳಿನ ದಿಕ್ಕು, ಪಂದ್ಯದ ಅಂಕಪಟ್ಟಿ ಹೊಂದಿಸಿ ಹೆಸರು, ದಿನಾಂಕ ತಿದ್ದಿದರು. ಗ್ರಂಥಾಲಯ ಅವನ್ನು ಪರಿಶೀಲಿಸಿ ತನ್ನ ದಾಖಲೆಗೆ ಸೇರಿಸಿಕೊಂಡಿತು.

ಈ ಚರ್ಚೆಗೆ ಹಣ ತಗಲಿದಾಗ ಏನಾಗುತ್ತದೆ ಎಂಬುದನ್ನೂ ನೋಡಬೇಕು. 1840ರ ದಶಕದ್ದೆನ್ನುವ, ಡಾಗೆರೋಟೈಪ್ ಎಂಬ ಆರಂಭಕಾಲದ ಬಗೆಯ ಛಾಯಾಚಿತ್ರವೊಂದರಲ್ಲಿ ಆಟದ ಆದಿಪುರುಷರಲ್ಲೊಬ್ಬರಾದ ಅಲೆಕ್ಸಾಂಡರ್ ಕಾರ್ಟ್‌ರೈಟ್ ಇದ್ದಾರೆಂದು ಒಂದು ಪಕ್ಷ ಹೇಳುತ್ತದೆ. ಮುಖದ ಅಳತೆಗಳನ್ನು ಹೋಲಿಸಿ ಇನ್ನೊಂದು ಪಕ್ಷ ಅಲ್ಲವೆನ್ನುತ್ತದೆ. ಹೆಸರು ನಿಜವಾದರೆ ಚಿತ್ರದ ಬೆಲೆ ಹಲವು ಪಟ್ಟು ಏರುವಾಗ, ಮಾಲೀಕರ ಕಣ್ಣು ನಂಬಲು ಬಯಸುತ್ತದೆ. ಆದ್ದರಿಂದ ಯಾವ ಲಾಭವೂ ಇಲ್ಲದವರ ಕಣ್ಣು ಇಂಥ ಚರ್ಚೆಗೆ ಬೇಕೇ ಬೇಕು. ಆದರೆ ಹಾಗೆ ಸಂಶಯಪಡುವವರಿಗೂ ಕಾಗದದ ಪರಿಚಯ, ಮುದ್ರೆಗಳ ಜ್ಞಾನ ಬಂದದ್ದು ಬಹುಮಟ್ಟಿಗೆ ಸಂಗ್ರಾಹಕರು ಕಟ್ಟಿದ ಅನುಭವದಿಂದಲೇ.

ಚಿತ್ರಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸುವ ಪದ್ಧತಿಯೂ ಹೀಗೇ ಎರಡು ಮುಖದ್ದು. ಮೂಲ ನೆಗೆಟಿವ್‌ನಿಂದ, ಚಿತ್ರ ತೆಗೆದ ಸುಮಾರು ಎರಡು ವರ್ಷಗಳೊಳಗೆ ಮುದ್ರಿಸಿದ್ದು ಮೊದಲ ವರ್ಗ. ಮೂಲ ನೆಗೆಟಿವ್‌ನಿಂದಲೇ ತಡವಾಗಿ ಮುದ್ರಿಸಿದ್ದು ಎರಡನೆಯದು. ನಕಲು ನೆಗೆಟಿವ್ ಅಥವಾ ತಂತಿಯ ಮೂಲಕ ಬಂದ ಚಿತ್ರದಿಂದ ಮಾಡಿದವು ಕಾಲಕ್ಕೆ ತಕ್ಕಂತೆ ಮೂರು ಮತ್ತು ನಾಲ್ಕು. ಈ ವಿಂಗಡಣೆ ಬಂದ ಮೇಲೆ ಹೊಸ ಪ್ರತಿಯನ್ನು ಹಳೆಯದೆಂದು ಮಾರುವುದು ಕಷ್ಟವಾಯಿತು, ಹೊಸಬರಿಗೂ ಧೈರ್ಯ ಬಂತು. ಆದರೆ ಅದೇ ಕಾರಣಕ್ಕೆ ಬಿಂಬದ ಸೊಗಸಿಗಿಂತ ವರ್ಗದ ಸಂಖ್ಯೆಗೆ ಮರುಳಾಗುವವರೂ ಹೆಚ್ಚಾದರು. 1948ರ ಜೂನ್ 13ರಂದು ಯಾಂಕಿ ಸ್ಟೇಡಿಯಂನಲ್ಲಿ ಕ್ಯಾನ್ಸರ್‌ನಿಂದ ಬಳಲಿದ ಬೇಬ್ ರೂಥ್ ಬ್ಯಾಟಿಗೆ ಆತು ನಿಂತದ್ದನ್ನು ನ್ಯಾಟ್ ಫೈನ್ ಹಿಂದಿನಿಂದ ತೆಗೆದರು. ಮರುವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಆ ನೆಗೆಟಿವ್‌ನಿಂದ ವರ್ಷಗಳ ನಂತರ ಎಷ್ಟೇ ಶ್ರದ್ಧೆಯಿಂದ ಮುದ್ರಿಸಿದ ಪ್ರತಿಯೂ, ಪತ್ರಿಕಾ ಕಚೇರಿಯ ಅವಸರದಲ್ಲಿ ಆ ವಾರವೇ ತೆಗೆದ ಪ್ರತಿಗಿಂತ ಕೆಳಗಿನ ವರ್ಗ. ಇತಿಹಾಸದ ಸಾಕ್ಷಿಯಾಗಿ ಹಳೆಯದು ಮೇಲು, ನಿಜ. ಚಿತ್ರವಾಗಿ ಯಾವುದು ಮೇಲೆಂಬುದನ್ನು ಆ ಸಂಖ್ಯೆ ಹೇಳಲಾರದು.

ಇಷ್ಟನ್ನೂ ತೂಗಿದ ಮೇಲೆ ನನಗೆ ತೋರುವುದು ಇದು. ಕಾಗದದ ಒಂದು ಪ್ರತಿ ಯಾರ ಮನೆಯಲ್ಲಿದೆ ಎಂಬುದಕ್ಕಿಂತ, ಅದರ ಮುಖವೂ ಬೆನ್ನೂ ಎಲ್ಲರಿಗೂ ಕಾಣಸಿಗುತ್ತವೆಯೇ ಎಂಬುದು ದೊಡ್ಡ ಪ್ರಶ್ನೆ. ಬಿಡಿ ಪ್ರತಿಗಳು ಸಂಗ್ರಾಹಕರ ಬಳಿ ಇರಲಿ. ಪ್ರೀತಿಯಿಂದ ಕೊಂಡವರು ಸಾಮಾನ್ಯವಾಗಿ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಆದರೆ ನೆಗೆಟಿವ್‌ಗಳ ಮತ್ತು ಪತ್ರಿಕಾ ಭಂಡಾರಗಳ ಮಾತು ಬೇರೆ. ಅವು ಒಡೆಯದೆ ಒಟ್ಟಿಗೆ ಇದ್ದಾಗಲೇ ಮಾತಾಡುತ್ತವೆ, ಹಾಗಾಗಿ ಅವು ಸಾರ್ವಜನಿಕ ಸಂಸ್ಥೆಗಳಿಗೇ ಸೇರಬೇಕು. ಹರಾಜಿಗೆ ಇಡಲೇಬೇಕಾದ ಸಂದರ್ಭ ಬಂದರೆ, ಅದಕ್ಕೆ ಮೊದಲು ಪ್ರತಿಯೊಂದರ ಎರಡೂ ಬದಿಯ ಸ್ಕ್ಯಾನ್ ಯಾವುದಾದರೂ ಗ್ರಂಥಾಲಯಕ್ಕೆ ಸಲ್ಲಬೇಕು. ಛಾಯಾಗ್ರಾಹಕರಿಗೆ, ಅವರಿಲ್ಲದಿದ್ದರೆ ಅವರ ಕುಟುಂಬಕ್ಕೆ, ಬರಬೇಕಾದ ಪಾಲನ್ನು ಬಾಯಿಮಾತಿಗೆ ಬಿಡದೆ ಕರಾರಿನಲ್ಲಿ ಬರೆಯಬೇಕು. ಹ್ಯಾರಿಸ್ ಅವರ ಪಾಡು ಇನ್ನೊಬ್ಬರಿಗೆ ಬರಬಾರದು. ಗ್ರಂಥಾಲಯಗಳೂ ಹವ್ಯಾಸಿಗಳನ್ನು ಬಾಗಿಲಲ್ಲೇ ನಿಲ್ಲಿಸದೆ, ಬೇನ್ ಚಿತ್ರಗಳ ವಿಷಯದಲ್ಲಿ ಆದಂತೆ ಅವರ ತಿಳಿವಳಿಕೆಯನ್ನು ಒಳಗೆ ಬಿಟ್ಟುಕೊಳ್ಳಬೇಕು.

ಸಂಗ್ರಾಹಕರಿಗೆ ಇದರಿಂದ ನಷ್ಟವೇನಿಲ್ಲ. ಹೆಸರು, ದಿನ, ಮೈದಾನ, ಛಾಯಾಗ್ರಾಹಕ ಎಲ್ಲವೂ ಹತ್ತಾರು ಕಣ್ಣುಗಳ ಪರೀಕ್ಷೆ ದಾಟಿದ ಚಿತ್ರಕ್ಕೆ ನಂಬಿಕೆ ಹೆಚ್ಚು, ಆದ್ದರಿಂದ ಬೆಲೆಯೂ ಹೆಚ್ಚು. ಸಾರ್ವಜನಿಕರಿಗೆ ಸಿಗುವುದು ಅದಕ್ಕಿಂತ ದೊಡ್ಡದು: ಹತ್ತು ಡಾಲರಿನ ಗುಡ್ಡೆಯಲ್ಲಿ ಬಿದ್ದಿರುವ ಆ ಹೆಸರಿಲ್ಲದ ಆಟಗಾರನಿಗೂ ಒಂದು ದಿನ ಹೆಸರು ಸಿಗುವ ಅವಕಾಶ. ಅಷ್ಟಕ್ಕೆ ಸಂಗ್ರಾಹಕರೂ ಗ್ರಂಥಪಾಲಕರೂ ಒಪ್ಪಿದರೆ ಸಾಕು. ಉಳಿದ ಭಿನ್ನಾಭಿಪ್ರಾಯಗಳನ್ನು ಇಟ್ಟುಕೊಂಡೇ ಇಬ್ಬರೂ ಒಂದೇ ಕೆಲಸ ಮಾಡಬಹುದು.