ವಿಎಂವೇರ್: ಮಾರಾಟದಿಂದ ಬಾಡಿಗೆಗೆ

ಕ್ಲೌಡ್ ಎಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ಅದಕ್ಕೆ ತಳಪಾಯ ಹಾಕಿದ ಕಂಪನಿಗಳಲ್ಲಿ ಅಮೆರಿಕದ ವಿಎಂವೇರ್ ಒಂದು. ಡಯೇನ್ ಗ್ರೀನ್, ಅವರ ಪತಿ ಮೆಂಡೆಲ್ ರೋಸೆನ್‌ಬ್ಲಮ್ ಹಾಗೂ ಇನ್ನೂ ಮೂವರು ಸೇರಿ 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದ್ದು.

ಆಗೆಲ್ಲ ಒಂದೊಂದು ಕೆಲಸಕ್ಕೆ ಒಂದೊಂದು ಸರ್ವರ್. ಅದರ ಶಕ್ತಿಯ ಹೆಚ್ಚಿನ ಪಾಲು ಸುಮ್ಮನೆ ಬಿದ್ದಿರುತ್ತಿತ್ತು. ನಾಲ್ಕು ಮೂಟೆ ಇಟ್ಟು ಇಡೀ ಗೋದಾಮಿಗೆ ಬಾಡಿಗೆ ಕಟ್ಟಿದ ಹಾಗೆ. ವಿಎಂವೇರ್ ತಂತ್ರಾಂಶ ಒಂದೇ ಸರ್ವರ್‌ನೊಳಗೆ ಹಲವು ಕಂಪ್ಯೂಟರ್‌ಗಳು ಬೇರೆ ಬೇರೆಯಾಗಿ ಕೆಲಸ ಮಾಡುವಂತೆ ಮಾಡಿತು. ಹಲವು ಸರ್ವರ್‌ಗಳನ್ನು ಕ್ಲಸ್ಟರ್ ಆಗಿ ಜೋಡಿಸಿದರೆ, ಒಂದು ಕೆಟ್ಟಾಗ ಅದರ ಕೆಲಸ ಇನ್ನೊಂದರಲ್ಲಿ ತಾನಾಗಿ ಶುರುವಾಗುತ್ತದೆ. ಬ್ಯಾಂಕು, ಆಸ್ಪತ್ರೆ, ಟೆಲಿಫೋನ್ ಕಂಪನಿಗಳೆಲ್ಲ ಇದನ್ನೇ ನೆಚ್ಚಿಕೊಂಡವು.

2004ರಲ್ಲಿ ಇಎಂಸಿ ಕಂಪನಿ ಇದನ್ನು ಸುಮಾರು 63.5 ಕೋಟಿ ಡಾಲರ್‌ಗೆ ಕೊಂಡಿತು. 2016ರಲ್ಲಿ ಇಎಂಸಿಯನ್ನೇ ಡೆಲ್ ಕೊಂಡಿತು. 2022ರಲ್ಲಿ ಬ್ರಾಡ್‌ಕಾಮ್ ಮುಂದಿಟ್ಟ ಬೆಲೆ 6,100 ಕೋಟಿ ಡಾಲರ್! ವ್ಯವಹಾರ ಮುಗಿದದ್ದು 2023ರ ನವೆಂಬರ್‌ನಲ್ಲಿ.

ಮರುತಿಂಗಳೇ ನಿಯಮ ಬದಲಾಯಿತು. ಒಮ್ಮೆ ದುಡ್ಡು ಕೊಟ್ಟು ಶಾಶ್ವತವಾಗಿ ಕೊಳ್ಳುವ ಪದ್ಧತಿ ನಿಂತಿತು. ಇನ್ನು ಅವಧಿಗೆ ಇಷ್ಟೆಂದು ಚಂದಾ ಕಟ್ಟಬೇಕು. ಹಿಂದೆ ಕೊಂಡವರು ಬಳಸಬಹುದು, ಆದರೆ ಹಳೆಯ ರೀತಿಯ ಸಪೋರ್ಟ್ ಒಪ್ಪಂದದ ನವೀಕರಣ ಇಲ್ಲ. ಎಟಿ&ಟಿಯಂಥ ದೈತ್ಯ ಕಂಪನಿಯೇ 2024ರಲ್ಲಿ ಕೋರ್ಟಿಗೆ ಹೋಯಿತು. ತನಗೆ ಶೇ. 1,050ರಷ್ಟು ಹೆಚ್ಚು ಕೇಳಿದ್ದಾರೆ ಎಂಬುದು ಅದರ ದೂರು, ಆಮೇಲೆ ರಾಜಿಯಾಯಿತು. ಇಡೀ ಉದ್ಯಮವೇ ಚಂದಾ ಕಡೆಗೆ ಸಾಗಿದೆ ಎಂಬುದು ಬ್ರಾಡ್‌ಕಾಮ್ ವಾದ. ಅದು ಸುಳ್ಳಲ್ಲ.

ವ್ಯಾಪಾರಿಯಾಗಿ ನಾನು ನೋಡುವುದು ಹೀಗೆ: ಆ 6,100 ಕೋಟಿ ತಂತ್ರಾಂಶಕ್ಕೆ ಮಾತ್ರ ಕೊಟ್ಟ ಬೆಲೆಯಲ್ಲ, ಬಿಟ್ಟು ಹೋಗಲಾರದ ಗಿರಾಕಿಗಳಿಗೂ ಸೇರಿಸಿ ಕೊಟ್ಟದ್ದು. ಅಂಗಡಿ ಬದಲಿಸಲು ವರ್ಷಗಟ್ಟಲೆ ಬೇಕೆಂದರೆ ದರ ಹೇಳುವವನು ಮಾರುವವನೇ.

ನಮ್ಮ ಅಂಗಡಿಗಳ ಬಿಲ್ಲಿಂಗ್, ಟ್ರಸ್ಟುಗಳ ರಸೀದಿ, ಹಾಸ್ಟೆಲ್‌ಗಳ ಲೆಕ್ಕ ಕೂಡ ಈಗ ಯಾರದೋ ಕ್ಲೌಡ್‌ನಲ್ಲಿವೆ. ಮುಂದಿನ ಸಲ ಚಂದಾ ಕಟ್ಟುವ ಮುಂಚೆ ಕಾರ್ಯದರ್ಶಿಗಳು, ಮಾಲೀಕರು ಒಂದು ಮಾತು ಕೇಳಿ: ನಾಳೆ ಬಿಡುವುದಾದರೆ ನಮ್ಮ ಪೂರ್ತಿ ಲೆಕ್ಕ ಬೇರೆ ತಂತ್ರಾಂಶದಲ್ಲಿ ತೆರೆಯುವ ರೂಪದಲ್ಲಿ ಸಿಗುತ್ತದೆಯೇ, ಎಷ್ಟು ದಿನದಲ್ಲಿ? ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.